ಹಳೇ ಗಣಿಯ ಮೇಲೆ ಗ್ರೌಟಿಂಗ್: ಲೆಕ್ಕ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ಹಳೇ ಗಣಿಯ ಮೇಲೆ ಕಟ್ಟಡ ಕಟ್ಟುವಾಗ ನೆಲದೊಳಗಿನ ಪೊಳ್ಳಿಗೆ ಗ್ರೌಟ್, ಅಂದರೆ ಸಿಮೆಂಟ್ ಬೆರೆಸಿದ ಹರಿಯುವ ಗಾರೆ, ಪಂಪ್ ಮಾಡಿ ತುಂಬುತ್ತೇವೆ. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ. ಕಲ್ಲಿದ್ದಲಿನ ಪದರ ಇಷ್ಟು ಆಳದಲ್ಲಿದೆ, ಇಷ್ಟು ಬೋರ್ ಹೊಡೆಯಬೇಕು, ಇಷ್ಟು ಗ್ರೌಟ್ ಹಿಡಿಯುತ್ತದೆ ಅಂತ ಬರೆದಿರುತ್ತೇವೆ. ಪಂಪು ಶುರುವಾದ ಮೇಲೆ ಒಂದು ಬೋರ್ ಲೆಕ್ಕದ ಮೂರು ಪಟ್ಟು ಕುಡಿದರೂ ತುಂಬುವುದಿಲ್ಲ. ಪಕ್ಕದ್ದು ಎರಡು ಬಕೆಟ್ ಕೂಡ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಸೈಟಿನಲ್ಲಿ ಮೊದಲು ಕೇಳಿಬರುವ ಮಾತು: 'ಮಿಶ್ರಣ ಬದಲಾಯಿಸೋಣ.'

ಸ್ವಲ್ಪ ತಡೆಯಿರಿ. ನನ್ನ ಪ್ರಕಾರ ಮಿಶ್ರಣಕ್ಕೆ ಕೈ ಹಾಕುವುದು ಕೊನೆಯ ಕೆಲಸ. ತೊಂದರೆ ಬಹುಪಾಲು ಇರುವುದು ಗ್ರೌಟಿನಲ್ಲಲ್ಲ, ನೆಲದೊಳಗಿನ ಪೊಳ್ಳು ಹೀಗಿದೆ ಅಂತ ನಾವು ಅಂದುಕೊಂಡಿದ್ದರಲ್ಲಿ. ಯಾವ ಊಹೆ ತಪ್ಪಿದೆ ಅಂತ ಗೊತ್ತಾಗುವ ಮೊದಲೇ ಮಿಶ್ರಣ ಬದಲಿಸಿದರೆ ತಪ್ಪು ಮುಚ್ಚಿಹೋಗುತ್ತದೆ, ಸರಿಯಾಗುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಹೆಚ್ಚಾಗಿ ಆಳ ಕಡಿಮೆ ಇರುವ ಹಳೇ ಕಲ್ಲಿದ್ದಲು ಗಣಿಗಳಿಗೆ. ಅಂದರೆ ಮೇಲ್ಛಾವಣಿ ಬೀಳದಂತೆ ಅಲ್ಲಲ್ಲಿ ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು, ನಡುವಿನದನ್ನು ಕೋಣೆ ಕೋಣೆಯಾಗಿ ಅಗೆದು ತೆಗೆದ ಜಾಗಗಳು.

ಮೊದಲು ಮೇಜಿನ ಮೇಲೆ ಮೂರು ಕಾಗದ

ಡ್ರಿಲ್ಲರ್ ಬರೆದ ಲಾಗ್, ಅಂದರೆ ಯಾವ ಆಳದಲ್ಲಿ ಏನು ಸಿಕ್ಕಿತು ಅನ್ನುವ ದಾಖಲೆ, ಒಂದು. ಪಂಪಿನವರು ಬರೆದ ಗ್ರೌಟ್ ಲಾಗ್ ಇನ್ನೊಂದು. ಸೈಟಿನ ನಕ್ಷೆ ಮೂರನೆಯದು. ಹಳೇ ಗಣಿಯ ನಕ್ಷೆ ಸಿಕ್ಕಿದ್ದರೆ ಅದನ್ನೂ ಇದರ ಮೇಲೆಯೇ ಎಳೆದುಕೊಳ್ಳಿ. ಆದರೆ ಪೂರ್ತಿ ನಂಬಬೇಡಿ. ಹಳೇ ನಕ್ಷೆಗಳು ಹತ್ತಾರು ಮೀಟರ್ ಅತ್ತಿತ್ತ ಇರಬಹುದು, ಮತ್ತು ನಕ್ಷೆಗೆ ಏರಿಸದೆ ಅಗೆದ ಜಾಗಗಳು ಇದ್ದೇ ಇರುತ್ತವೆ.

ಈ ಎರಡು ಲಾಗುಗಳು ಸಾಮಾನ್ಯವಾಗಿ ಬೇರೆ ಬೇರೆ ಫೈಲಿನಲ್ಲಿರುತ್ತವೆ. ಅರ್ಧ ತೊಂದರೆ ಇಲ್ಲೇ. ಪ್ರತಿ ಬೋರಿಗೆ ಒಂದು ಸಾಲು ಮಾಡಿ, ಡ್ರಿಲ್ಲರ್ ಹೇಳಿದ್ದನ್ನೂ ಬೋರ್ ಕುಡಿದ ಗ್ರೌಟನ್ನೂ ಅಕ್ಕಪಕ್ಕ ಬರೆಯಿರಿ. 'ಕೊರೆಯುವ ರಾಡ್ 16.8ರಿಂದ 17.9 ಮೀಟರಿಗೆ ತಾನಾಗಿ ಇಳಿಯಿತು' ಅಂದರೆ ಖಾಲಿ ಜಾಗ. 'ನೀರು ವಾಪಸ್ ಬರಲಿಲ್ಲ, ಪುಡಿ ಕಲ್ಲು' ಅಂದರೆ ಛಾವಣಿ ಕುಸಿದು ಅರ್ಧ ತುಂಬಿದ ಜಾಗ. 'ಗಟ್ಟಿ ಕಲ್ಲಿದ್ದಲು' ಅಂದರೆ ಕಂಬ. ಇನ್ನು ನಕ್ಷೆಯ ಮೇಲೆ ಮೂರಕ್ಕೂ ಮೂರು ಬಣ್ಣದ ಚುಕ್ಕೆ ಹಾಕಿ, ಪಕ್ಕದಲ್ಲಿ ಎಷ್ಟು ಘನ ಮೀಟರ್ ಹೋಯಿತು ಅಂತ ಬರೆಯಿರಿ. ಖಾಲಿ ಅಂತ ಬರೆದ ಬೋರ್ ಏನೂ ಕುಡಿಯದಿದ್ದರೆ, ಅಥವಾ ಕಂಬ ಅಂತ ಬರೆದ ಬೋರ್ ಸಿಕ್ಕಾಪಟ್ಟೆ ಕುಡಿದರೆ, ಹುಡುಕಾಟ ಅಲ್ಲಿಂದಲೇ ಶುರು.

ಲೆಕ್ಕದಲ್ಲೇ ತಪ್ಪಿದೆಯಾ?

ಇದನ್ನು ಬೇಗ ನೋಡಿ ಮುಗಿಸಬಹುದು. ಪದರದ ದಪ್ಪದ 10 ಪಟ್ಟು ಬಂಡೆ ಮೇಲಿದ್ದರೆ ಪೊಳ್ಳು ನೆಲದ ತನಕ ಏರಿಬರುವ ಸಾಧ್ಯತೆ ಕಡಿಮೆ ಅಂತ ಒಂದು ರೂಢಿಯ ನಿಯಮವಿದೆ. ಕುಸಿದ ಕಲ್ಲು ಪುಡಿಯಾಗಿ ಉಬ್ಬುತ್ತದೆ, ಉಬ್ಬಿ ಪೊಳ್ಳನ್ನು ತಾನೇ ತುಂಬುತ್ತದೆ. 20% ಉಬ್ಬಿದರೆ ಕುಸಿತ ಸುಮಾರು 5 ಪಟ್ಟು ಎತ್ತರಕ್ಕೆ ನಿಲ್ಲುತ್ತದೆ. 10% ಮಾತ್ರ ಉಬ್ಬಿದರೆ 10 ಪಟ್ಟು ಬೇಕು. ಈ ನಿಯಮದಲ್ಲಿ ಎಣಿಸಬೇಕಾದದ್ದು ಬಂಡೆಯನ್ನು, ಮಣ್ಣನ್ನಲ್ಲ. 1.2 ಮೀಟರ್ ದಪ್ಪದ ಪದರ 18 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. 12 ಮೀಟರ್ ಸಾಕು, 18 ಇದೆ, ಹಾಗಾದರೆ ಚಿಂತೆಯಿಲ್ಲ ಅನಿಸುತ್ತದೆ ಅಲ್ವಾ? ಆ 18ರಲ್ಲಿ ಮೇಲಿನ 7 ಮೀಟರ್ ಮಣ್ಣು. ಬಂಡೆ ಇರುವುದು 11 ಮೀಟರ್. ಚಿಂತೆ ಇದೆ.

ಇನ್ನು ಗ್ರೌಟ್ ಪ್ರಮಾಣ. ಅದೇ ಜಾಗದಲ್ಲಿ 30 × 20 ಮೀಟರಿನ ಕಟ್ಟಡ. ಕಟ್ಟಡದ ಅಂಚಿನಿಂದಾಚೆಗೆ ಆಳದ 0.7ರಷ್ಟು ಅಗಲ ಹೆಚ್ಚಿಗೆ ಸೇರಿಸುವುದು ರೂಢಿ. ಇಲ್ಲಿ ಅದು ಪ್ರತಿ ಬದಿಗೆ 12.6 ಮೀಟರ್. ಒಟ್ಟು ಜಾಗ ಸುಮಾರು 2,500 ಚದರ ಮೀಟರ್ ಆಗುತ್ತದೆ. ಶೇಕಡಾ 60 ಅಗೆದಿದ್ದಾರೆ ಅಂತ ಇಟ್ಟುಕೊಂಡರೆ ಪೊಳ್ಳು 1,800 ಘನ ಮೀಟರ್. ಅರ್ಧ ಈಗಾಗಲೇ ಕುಸಿದ ಕಲ್ಲಿನಿಂದ ತುಂಬಿದ್ದರೆ 900. 900 ಎಲ್ಲಿ, 1,800 ಎಲ್ಲಿ! ಒಂದೇ ಸಂಖ್ಯೆ ಬರೆದುಕೊಂಡು ಕೂತವರಿಗೆ ಎರಡನೇ ವಾರದಲ್ಲೇ 'ದೋಷ' ಕಾಣಿಸುತ್ತದೆ. ನಿಜಕ್ಕೂ ಅಲ್ಲಿ ದೋಷ ಇರುವುದಿಲ್ಲ.

ಬೋರ್ ತುಂಬುವುದೇ ಇಲ್ಲ

ಹೆಚ್ಚು ತಲೆನೋವು ಕೊಡುವುದು ಇದೇ. ಮೊದಲ ಸುತ್ತಿನ ಬೋರುಗಳು 6 ಮೀಟರ್ ಅಂತರದಲ್ಲಿದ್ದರೆ ಒಂದೊಂದರ ಪಾಲಿಗೆ 36 ಚದರ ಮೀಟರ್ ಬರುತ್ತದೆ. ಅಷ್ಟೂ ಜಾಗ ಪೂರ್ತಿ ಖಾಲಿ ಇದ್ದರೂ 1.2 ಮೀಟರ್ ಪದರದಲ್ಲಿ ಹಿಡಿಯುವುದು 43 ಘನ ಮೀಟರ್. ಅದನ್ನು ದಾಟಿತು ಅಂದರೆ ಗ್ರೌಟ್ ತನ್ನ ಪಾಲಿನ ಜಾಗ ಬಿಟ್ಟು ಆಚೆ ಹೋಗಿದೆ, ಇದರಲ್ಲಿ ಅನುಮಾನ ಬೇಡ. ಆಚೆ ಅಂದರೆ ಎಲ್ಲಿಗೆ ಅನ್ನುವುದೇ ಪ್ರಶ್ನೆ.

ಸುತ್ತಲಿನ ಬೋರುಗಳಿಗೆ ಟೇಪ್ ಇಳಿಸಿ ನೋಡಿ. ಪಕ್ಕದ ಬೋರಿನಲ್ಲಿ ಗ್ರೌಟ್ ಮಟ್ಟ ಏರುತ್ತಿದ್ದರೆ ಒಳ್ಳೆಯ ಸುದ್ದಿ. ಕೋಣೆಯಿಂದ ಕೋಣೆಗೆ ಹರಿದು ನಿಮ್ಮ ಜಾಗವನ್ನೇ ತುಂಬುತ್ತಿದೆ. ಪಂಪು ನಡೆಯಲಿ. ಎಲ್ಲಿಯೂ ಮಟ್ಟ ಏರುತ್ತಿಲ್ಲವಾದರೆ ಪದರದ ಇಳಿಜಾರು ಯಾವ ಕಡೆಗಿದೆ ನೋಡಿ. ಗ್ರೌಟ್ ಕೂಡ ನೀರಿನ ಹಾಗೆ ಇಳಿಜಾರಿಗೆ ಹರಿಯುತ್ತದೆ. ಸೈಟಿನ ಗಡಿ ಅದಕ್ಕೆ ಗೊತ್ತಿಲ್ಲ.

ಆದ್ದರಿಂದಲೇ ಒಳಗೆ ತುಂಬುವ ಮೊದಲು ಅಂಚಿನಲ್ಲಿ ತಡೆ ಕಟ್ಟಬೇಕು. ಗಡಿಯುದ್ದಕ್ಕೂ ಸುಮಾರು 1.5 ಮೀಟರಿಗೊಂದರಂತೆ ಬೋರ್ ಹೊಡೆದು, ಬಟಾಣಿ ಗಾತ್ರದ ಜಲ್ಲಿ ಸುರಿದು, ಗಟ್ಟಿ ಗ್ರೌಟ್ ಹಾಕಿದರೆ ಜಲ್ಲಿ ಗುಡ್ಡೆಯಾಗಿ ನಿಂತು ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇಳಿಜಾರಿನ ಕೆಳಬದಿ ಮೊದಲು, ಆಮೇಲೆ ಪಕ್ಕದ ಬದಿಗಳು. ಮೇಲ್ಬದಿಯನ್ನು ಕೊನೆಗೆ ಬಿಡಿ, ಒಳಗಿನ ನೀರಿಗೂ ಗಾಳಿಗೂ ಹೋಗಲು ದಾರಿ ಬೇಕಲ್ಲ. ತುಂಬುವ ಕೆಲಸವೂ ಕೆಳಗಿನಿಂದ ಮೇಲಕ್ಕೇ ಸಾಗಬೇಕು. ತಡೆ ಕಟ್ಟಿದ್ದರೂ ಸೋರುತ್ತಿದ್ದರೆ ತಡೆಯ ಸಾಲಿನ ಲಾಗ್ ತೆಗೆಯಿರಿ. ಜಲ್ಲಿ ಕಡಿಮೆ ಹೋದ ಬೋರುಗಳು ಎರಡು ಮೂರು ಒಟ್ಟಿಗೆ ಇದ್ದರೆ, ಮತ್ತು ಅಲ್ಲಿ ಡ್ರಿಲ್ಲರ್ ಖಾಲಿ ಅಂತ ಬರೆದಿದ್ದರೆ, ಬಾಗಿಲು ಅಲ್ಲೇ ತೆರೆದಿದೆ.

ಗಣಿಯೊಳಗೆ ನೀರು ಹರಿಯುತ್ತಿದ್ದರೆ ಕಥೆಯೇ ಬೇರೆ. ಅಲ್ಲಿ ತೆಳು ಗ್ರೌಟ್ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬೋರಿಗೆ ಬಣ್ಣ ಹಾಕಿ, ಕೆಳಗಿನ ಬೋರುಗಳಲ್ಲೋ ಹತ್ತಿರದ ತೊರೆಯಲ್ಲೋ ಕಾಣುತ್ತದಾ ಅಂತ ನೋಡಿದರೆ ದಾರಿ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಒಪ್ಪಿಗೆ ಪಡೆದಿರಬೇಕು, ಅದು ಮುಖ್ಯ. ಹರಿವು ಇರುವಲ್ಲಿ ಜಲ್ಲಿ, ಮರಳು ಬೆರೆತ ಗಟ್ಟಿ ಗ್ರೌಟ್ ಮತ್ತು ನೀರಿನಲ್ಲಿ ಕದಡದಂತೆ ತಡೆಯುವ ಮಿಶ್ರಕ ಬೇಕಾಗುತ್ತದೆ. ಮಿಶ್ರಣ ಬದಲಿಸಲು ನ್ಯಾಯವಾದ ಕಾರಣ ಅಂದರೆ ಇಂಥದ್ದು.

ಯಾವುದೂ ಅಲ್ಲ, ಕಾರಣ ತಿಳಿಯುತ್ತಿಲ್ಲ ಅಂದರೆ ನಿಲ್ಲಿಸಿ. ಪಾಳಿಗೆ ಒಂದು ಬೋರಿಗೆ ಇಷ್ಟೇ ಅಂತ ಮಿತಿ ಹಾಕಿ, ರಾತ್ರಿ ಗಟ್ಟಿಯಾಗಲು ಬಿಟ್ಟು, ಬೆಳಿಗ್ಗೆ ಮತ್ತೆ ನೋಡಿ. ಮತ್ತೂ ಅಷ್ಟೇ ಸಲೀಸಾಗಿ ಹೋದರೆ ಹತ್ತಿರದಲ್ಲಿ ಹಳೇ ಬಾವಿಗಂಡಿ ಇದೆಯಾ ಅಂತ ಯೋಚಿಸಬೇಕು. ಗಣಿಗೆ ಇಳಿಯಲು ತೋಡಿದ ಬಾವಿಗಂಡಿಗಳನ್ನು ಎಷ್ಟೋ ಕಡೆ ಸುಮ್ನೆ ಮರ, ಕಸ, ಸಡಿಲ ಮಣ್ಣು ಹಾಕಿ ಮುಚ್ಚಿರುತ್ತಾರೆ. ಬುಡದಲ್ಲಿ ಗ್ರೌಟೋ ನೀರೋ ನುಗ್ಗಿದರೆ ಆ ತುಂಬುಮಣ್ಣು ಒಮ್ಮೆಗೇ ಕೆಳಗಿಳಿಯಬಹುದು. ಅನುಮಾನ ಬಂದ ಕೂಡಲೇ ಆ ಭಾಗದಿಂದ ರಿಗ್ಗನ್ನೂ ಜನರನ್ನೂ ದೂರ ಸರಿಸಿ. ಬಾವಿಗಂಡಿಗೆ ಬೇರೆಯದೇ ವಿನ್ಯಾಸ ಬೇಕು, ಸಾಲುಬೋರಿನ ಗ್ರೌಟಿಂಗಿನಲ್ಲಿ ಅದು ಮುಗಿಯುವುದಿಲ್ಲ.

ಬೋರ್ ಕುಡಿಯುವುದೇ ಇಲ್ಲ

ಒತ್ತಡ ತೋರಿಸುವ ಗೇಜಿನ ಮುಳ್ಳು ಹೇಗೆ ಏರಿತು ಅನ್ನುವುದನ್ನು ಕೇಳಿ. ಪೊಳ್ಳು ತುಂಬುತ್ತಾ ಬಂದರೆ ಒತ್ತಡ ನಿಧಾನವಾಗಿ ಏರುತ್ತದೆ, ಹರಿವು ನಿಧಾನವಾಗಿ ಇಳಿಯುತ್ತದೆ. ಮುಳ್ಳು ಸಟ್ಟನೆ ಮೇಲೆ ಹಾರಿದರೆ ಪಂಪಿಗೂ ಪದರಕ್ಕೂ ನಡುವೆ ಎಲ್ಲೋ ಕಟ್ಟಿಕೊಂಡಿದೆ. ಹೋಸನ್ನು ಬೋರಿನ ಬಾಯಲ್ಲಿ ಬಿಚ್ಚಿ ಒಂದು ಡ್ರಮ್ಮಿಗೆ ಬಿಡಿ. ಡ್ರಮ್ಮಿಗೂ ಸರಿಯಾಗಿ ಬರುತ್ತಿಲ್ಲವಾದರೆ ಹೋಸ್ ಕಟ್ಟಿದೆ. ಬರುತ್ತಿದ್ದರೆ ಬೋರಿಗೆ ಟೇಪ್ ಇಳಿಸಿ. ಲಾಗಿನಲ್ಲಿ 18 ಮೀಟರ್ ಅಂತಿದ್ದು ಟೇಪ್ 13ಕ್ಕೇ ನಿಂತರೆ ಬೋರಿನ ಗೋಡೆ ಕುಸಿದಿದೆ. ತೊಳೆದು ಬಿಡಿಸಿ, ಇಲ್ಲವೇ ಮತ್ತೆ ಹೊಡೆಯಿರಿ. ಪೂರ್ತಿ ಆಳ ಸಿಕ್ಕಿತು, ಆದರೂ ಕುಡಿಯುತ್ತಿಲ್ಲ ಅಂದರೆ ಬರೀ ನೀರು ಬಿಟ್ಟು ನೋಡಿ. ನೀರು ಸಲೀಸಾಗಿ ಇಳಿದು ಗ್ರೌಟ್ ಮಾತ್ರ ನಿಂತರೆ ಸಂದುಗಳು ಸಣ್ಣವು, ತೆಳು ಗ್ರೌಟ್ ಬೇಕು. ನೀರೂ ಇಳಿಯದಿದ್ದರೆ ಅದು ನಿಜವಾಗಿಯೂ ಗಟ್ಟಿ ಜಾಗ.

ಈಗ ನನಗೆ ಈ ವಿಷಯದಲ್ಲಿ ತುಂಬ ಆಸಕ್ತಿ ಹುಟ್ಟಿಸುವ ದೋಷಕ್ಕೆ ಬರೋಣ. ಮೊದಲ ಸುತ್ತಿನ ನಾಲ್ಕು ಸಾಲು ಬೋರುಗಳು. ಎಲ್ಲದರಲ್ಲೂ 'ಗಟ್ಟಿ ಕಲ್ಲಿದ್ದಲು, 1.2 ಮೀಟರ್'. ಯಾವುದೂ ಕುಡಿಯಲಿಲ್ಲ. ಇಲ್ಲಿ ಗಣಿಯೇ ನಡೆದಿಲ್ಲ ಅಂತ ಎಲ್ಲರೂ ಖುಷಿಯಾಗಿ ವರದಿ ಬರೆಯಲು ಕೂರುತ್ತಾರೆ. ಆದರೆ 3 ಮೀಟರ್ ಅಗಲದ ಕೋಣೆ, 3 ಮೀಟರ್ ಅಗಲದ ಕಂಬ ಅಂತ ಅಗೆದಿದ್ದರೆ ಕಂಬದ ನಡುವಿನಿಂದ ಕಂಬದ ನಡುವಿಗೆ 6 ಮೀಟರ್. ನಿಮ್ಮ ಬೋರುಗಳ ಅಂತರವೂ 6 ಮೀಟರ್. ಸಾಲುಗಳು ಗಣಿಯ ದಿಕ್ಕಿಗೆ ಹೊಂದಿಕೊಂಡುಬಿಟ್ಟರೆ ಎಲ್ಲ ಬೋರುಗಳೂ ಕಂಬದ ನೆತ್ತಿಗೇ ಬೀಳುತ್ತವೆ. ಪೊಳ್ಳುಗಳೆಲ್ಲ ನಡುವೆ ಹಾಗೇ ಕೂತಿರುತ್ತವೆ. ಇದೇ ಕಾರಣಕ್ಕೆ ಎಲ್ಲ ಬೋರುಗಳೂ ಖಾಲಿಗೇ ಬಿದ್ದು ಕಂಬವೇ ಇಲ್ಲ ಅಂತಲೂ ಅನಿಸಬಹುದು. ಎಲ್ಲ ಉತ್ತರವೂ ಒಂದೇ ಥರ ಬಂದರೆ ನಂಬುವ ಮೊದಲು ಸಾಲುಗಳನ್ನು ಗಣಿಯ ದಿಕ್ಕಿಗೆ ಓರೆಯಾಗಿ ತಿರುಗಿಸಿ, ಸಾಲು ಬಿಟ್ಟು ಸಾಲಿಗೆ ಅರ್ಧ ಅಂತರ ಜರುಗಿಸಿ ಕೆಲವು ಬೋರ್ ಹೊಡೆಯಿರಿ. ನಡುವೆ ಹೊಡೆಯುವ 3 ಮೀಟರಿನ ಎರಡನೇ ಸುತ್ತನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡುವ ಮಾತು ಬಂದಾಗ ಇದನ್ನೇ ನೆನಪಿಸಿ.

ನೆಲ ಉಬ್ಬಿತು, ಅಥವಾ ಬೇರೆಲ್ಲೋ ಗ್ರೌಟ್ ಎದ್ದಿತು

ಒತ್ತಡಕ್ಕೆ ಪ್ರತಿ ಮೀಟರ್ ಆಳಕ್ಕೆ 10 ಕಿಲೋಪಾಸ್ಕಲ್ ಅನ್ನುವ ಮಿತಿ ಚಾಲ್ತಿಯಲ್ಲಿದೆ. ಗೇಜ್ ಅದರೊಳಗೇ ಇತ್ತು, ಆದರೂ ನೆಲ ಎದ್ದಿತು ಅಂತ ದೂರು ಬಂದರೆ ಬೋರಿನೊಳಗಿನ ಗ್ರೌಟಿನ ಭಾರವನ್ನು ಲೆಕ್ಕಕ್ಕೆ ತಂದಿದ್ದೀರಾ ನೋಡಿ. ಘನ ಮೀಟರಿಗೆ 1.5 ಟನ್ ತೂಗುವ ಗ್ರೌಟ್ 20 ಮೀಟರ್ ಆಳದ ಬೋರಿನಲ್ಲಿ ತುಂಬಿ ನಿಂತರೆ, ಪಂಪು ಬಂದ್ ಆಗಿದ್ದರೂ ಬುಡದಲ್ಲಿ ಸುಮಾರು 300 ಕಿಲೋಪಾಸ್ಕಲ್ ಇರುತ್ತದೆ. ಮೇಲಿನ ನೆಲದ ಭಾರ ಅಲ್ಲಿ ಸುಮಾರು 440. ಉಳಿದದ್ದು 140. ಗೇಜಿನಲ್ಲಿ 200 ತೋರಿಸಿ ನಿಯಮ ಪಾಲಿಸಿದ್ದೇವೆ ಅಂದರೆ ಬುಡದಲ್ಲಿ 500 ಆಗಿದೆ. ಹರಿವು ಇರುವಾಗ ಸ್ವಲ್ಪ ಒತ್ತಡ ಹೋಸಿನಲ್ಲೇ ಖರ್ಚಾಗುತ್ತದೆ. ಹರಿವು ನಿಂತ ಗಳಿಗೆಯಲ್ಲಿ ಪೂರ್ತಿ ಒತ್ತಡ ಕೆಳಗೆ ಮುಟ್ಟುತ್ತದೆ, ಬಂಡೆಯ ಸೀಳುಗಳು ತೆರೆದುಕೊಳ್ಳುವುದೂ ಆಗಲೇ.

ಗೇಜ್ ಬೋರಿನ ಬಾಯಲ್ಲಿದೆಯಾ, ಪಂಪಿನ ಹತ್ತಿರ ಇದೆಯಾ ಅಂತಲೂ ನೋಡಿ. ಬೋರಿನ ಬಾಯಲ್ಲೇ ಇರಬೇಕು. ಏರುತ್ತಿದ್ದ ಒತ್ತಡ ಇದ್ದಕ್ಕಿದ್ದಂತೆ ಬಿದ್ದು ಹರಿವು ಜಾಸ್ತಿಯಾದರೆ ಬಂಡೆ ಸೀಳಿದೆ ಅಥವಾ ಗ್ರೌಟಿಗೆ ಹೊಸ ದಾರಿ ಸಿಕ್ಕಿದೆ. ಪಂಪು ನಿಲ್ಲಿಸಿ, ಚರಂಡಿ, ನೆಲಮಾಳಿಗೆ, ತೊರೆ ಎಲ್ಲ ಒಂದು ಸುತ್ತು ನೋಡಿ ಬನ್ನಿ. ಗ್ರೌಟ್ ತುಂಬ ಕ್ಷಾರ, ತೊರೆಗೆ ಸೇರಿದರೆ ಮೀನು ಉಳಿಯುವುದಿಲ್ಲ.

ಕ್ಯೂಬ್ ಗಟ್ಟಿಯಾಗಲಿಲ್ಲ

ಕ್ಯೂಬ್ ಅಂದರೆ ಶಕ್ತಿ ಪರೀಕ್ಷೆಗೆಂದು ಅಚ್ಚಿನಲ್ಲಿ ಹಾಕಿದ ಗ್ರೌಟಿನ ತುಂಡು. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಹೊಗೆಯ ಜೊತೆ ಬರುವ ನುಣ್ಣನೆಯ ಬೂದಿ) ಮತ್ತು ಸಿಮೆಂಟ್, ತೂಕದಲ್ಲಿ 10ಕ್ಕೆ 1ರ ಆಸುಪಾಸು. 28 ದಿನಕ್ಕೆ 1 ಮೆಗಾಪಾಸ್ಕಲ್ ಬಂದರೆ ಹೆಚ್ಚಿನ ಕಡೆ ಸಾಕು. ಮೇಲಿನ ನೆಲದ ಭಾರ ಇರುವುದೇ 0.44 ಅಲ್ವಾ. ಕಾಂಕ್ರೀಟಿಗೆ ಒಗ್ಗಿದವರಿಗೆ ಇದು ತೀರಾ ಮೆದು ಅನಿಸುತ್ತದೆ, 7 ದಿನದ ಫಲಿತಾಂಶ ನೋಡಿ ಗಾಬರಿಯಾಗುತ್ತಾರೆ. ಬೂದಿ ನಿಧಾನವಾಗಿ ಗಟ್ಟಿಯಾಗುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಅಚ್ಚಿನಿಂದ ಮರುದಿನವೇ ಬಿಚ್ಚಿದರೆ ಕ್ಯೂಬ್ ಬಿರುಕು ಬಿಡುತ್ತದೆ. ಅದು ಬಿಚ್ಚಿದವರ ತಪ್ಪು, ಗ್ರೌಟಿನದಲ್ಲ.

28ನೇ ದಿನವೂ ಬರಲಿಲ್ಲವೇ? ಬೂದಿಯ ರಾಶಿಯ ಹತ್ತಿರ ಹೋಗಿ ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿ. ಉಂಡೆಯಾಗಿ ನಿಂತರೆ ಬೂದಿಯಲ್ಲಿ ನೀರಿದೆ. ಧೂಳು ಏಳದಿರಲಿ ಅಂತ ನೀರು ಹಾಕಿ ಕಳಿಸಿರುತ್ತಾರೆ. ಒಣ ತೂಕದ 18% ನೀರಿದ್ದರೆ, 1,000 ಕಿಲೋ ಅಂತ ತೂಗಿ ಹಾಕಿದ ಬೂದಿಯಲ್ಲಿ ನಿಜವಾದ ಬೂದಿ 847 ಕಿಲೋ, ನೀರು 153 ಲೀಟರ್. 100 ಕಿಲೋ ಸಿಮೆಂಟಿನ ಜೊತೆ ಒಣ ಪದಾರ್ಥದ 0.4 ಪಟ್ಟು ಅಂತ ಲೆಕ್ಕ ಮಾಡಿ 440 ಲೀಟರ್ ನೀರು ಹಾಕಿದ್ದೀರಿ. ಒಟ್ಟು ನೀರು 593 ಆಯಿತು. ಅನುಪಾತ 0.4 ಹೋಗಿ 0.63 ಆಯಿತು. ತಮಾಷೆ ಏನೆಂದರೆ ಬೂದಿಗೆ ಹೋಲಿಸಿದರೆ ಸಿಮೆಂಟ್ ಜಾಸ್ತಿಯೇ ಬಿದ್ದಿದೆ, ಹಾಗಾಗಿ ಸಿಮೆಂಟ್ ಬಿಲ್ ನೋಡಿದವರಿಗೆ ಏನೂ ತಪ್ಪು ಕಾಣುವುದಿಲ್ಲ.

ನೀರು ಹೆಚ್ಚಾದರೆ ಶಕ್ತಿ ಹೋಗುವುದಷ್ಟೇ ಅಲ್ಲ, ನೀರು ಬೇರ್ಪಟ್ಟು ಮೇಲೆ ನಿಲ್ಲುತ್ತದೆ. ಒಂದು ಲೀಟರಿನ ಅಳತೆ ಜಾಡಿಯಲ್ಲಿ ಗ್ರೌಟ್ ತುಂಬಿ ಎರಡು ಮೂರು ಗಂಟೆ ಅಲುಗಿಸದೆ ಬಿಡಿ. ಮೇಲೆ 50 ಮಿಲಿಲೀಟರ್ ತಿಳಿನೀರು ನಿಂತರೆ 5%. ಅದೇ 5% ಗಣಿಯೊಳಗೆ 1.2 ಮೀಟರ್ ಎತ್ತರಕ್ಕೆ ಆದರೆ ಛಾವಣಿಯ ಕೆಳಗೆ 6 ಸೆಂಟಿಮೀಟರ್ ಸಂದು. ಅದಕ್ಕೇ ಪ್ರತಿ ಬೋರಿಗೆ ಮರುದಿನ ಮತ್ತೊಮ್ಮೆ ಗ್ರೌಟ್ ಹಾಕಿ ಮೇಲಿನ ಸಂದು ತುಂಬಿಸುವುದು. ಗ್ರೌಟ್ ಲಾಗಿನಲ್ಲಿ ಎರಡನೇ ಸಲದ ದಾಖಲೆ ಇಲ್ಲದಿದ್ದರೆ ಅದು ಆಗಿಲ್ಲ ಅಂತಲೇ ತಿಳಿಯಿರಿ.

ಪೈರೈಟ್ (ಗಂಧಕವಿರುವ ಕಬ್ಬಿಣದ ಖನಿಜ) ಇರುವ ಪದರಗಳ ನೀರು ಹುಳಿಯಾಗಿರುತ್ತದೆ, ಸಲ್ಫೇಟ್ ಜಾಸ್ತಿ. ಸೈಟಿನ ಕ್ಯೂಬ್ ಚೆನ್ನಾಗಿ ಬಂದು ಕೆಳಗಿಂದ ಕೊರೆದು ತೆಗೆದ ಗ್ರೌಟಿನ ತುಂಡು (ಕೋರ್) ಮಾತ್ರ ಮೆದುವಾಗಿದ್ದರೆ ಗಣಿಯ ನೀರನ್ನು ಪರೀಕ್ಷೆಗೆ ಕಳಿಸಿ.

ಅನಿಲ

ಇದನ್ನು ದೋಷ ಅಂತ ಬರೆದುಕೊಳ್ಳುವ ಮೊದಲು ಜನರನ್ನು ಆಚೆ ಕಳಿಸಿ. ಪೊಳ್ಳು ತುಂಬಿದಂತೆಲ್ಲ ಒಳಗಿನ ಅನಿಲ ಎಲ್ಲಾದರೂ ಹೊರಬರಲೇಬೇಕು. ಮೀಥೇನ್ ಗಾಳಿಯಲ್ಲಿ 5ರಿಂದ 15% ಇದ್ದರೆ ಸ್ಫೋಟಿಸುತ್ತದೆ. ಆಮ್ಲಜನಕ ಇಲ್ಲದ ಸತ್ತ ಗಾಳಿ, ಅಂದರೆ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕ, ತಗ್ಗಿನಲ್ಲಿ ಕೂತುಕೊಳ್ಳುತ್ತದೆ, ವಾಸನೆಯೂ ಇಲ್ಲ. ವಾಯುಭಾರ ಕುಸಿದ ದಿನ ಹೊರಬರುವುದು ಹೆಚ್ಚು, ಹಾಗಾಗಿ ನಿನ್ನೆ ಮೀಟರ್ ಏನೂ ತೋರಿಸಲಿಲ್ಲ ಅನ್ನುವುದು ಇವತ್ತಿಗೆ ಲೆಕ್ಕಕ್ಕಿಲ್ಲ. ಡ್ರಿಲ್ಲಿಂಗಿಗೆ ಗಾಳಿ ಬಿಡದೆ ನೀರು ಬಳಸಿ. ಗಾಳಿಯ ಒತ್ತಡ ಅನಿಲವನ್ನು ಪಕ್ಕದ ಕಟ್ಟಡಕ್ಕೆ ತಳ್ಳಬಹುದು. ಮೇಲ್ಬದಿಯಲ್ಲಿ ಕೆಲವು ಬೋರುಗಳನ್ನು ಅನಿಲ ಹೋಗಲೆಂದೇ ತೆರೆದಿಡಿ, ಅವುಗಳ ಬಾಯಲ್ಲಿ ಮೀಟರ್ ಇಟ್ಟು ಬರೆದುಕೊಳ್ಳುತ್ತಿರಿ.

ಪರೀಕ್ಷಾ ಬೋರಿನಲ್ಲಿ ಮತ್ತೆ ರಾಡ್ ಇಳಿಯಿತು

ಗ್ರೌಟ್ ಗಟ್ಟಿಯಾದ ಮೇಲೆ ಹಳೇ ಬೋರುಗಳ ನಡುವೆ ಹೊಸದಾಗಿ ಹೊಡೆಯುವ ಬೋರುಗಳು ಇವು. ಒಟ್ಟು ಪ್ರಮಾಣ ವಿನ್ಯಾಸಕ್ಕೆ ಸರಿಯಾಗಿ ಹೋಗಿದೆ, ಇದೊಂದು ಬೋರ್ ಲೆಕ್ಕಕ್ಕೆ ಬೇಡ ಅನ್ನುವ ವಾದ ಬರುತ್ತದೆ. ಒಪ್ಪಬೇಡಿ. 1,300 ಘನ ಮೀಟರ್ ಒಳಗೆ ಹೋಯಿತು ಅಂದಮಾತ್ರಕ್ಕೆ ಅದು ಕಟ್ಟಡದ ಕೆಳಗೇ ಇದೆ ಅಂತಲ್ಲ.

ರಾಡ್ ಯಾವ ಆಳದಲ್ಲಿ ಇಳಿಯಿತು ಅನ್ನುವುದರಲ್ಲೇ ಮುಕ್ಕಾಲು ಉತ್ತರ ಇದೆ. ಪದರದ ಮೇಲ್ತುದಿಯಲ್ಲಿ ಕೆಲವು ಸೆಂಟಿಮೀಟರ್ ಮಾತ್ರ, ಅದರ ಕೆಳಗೆ ಗಟ್ಟಿ ಗ್ರೌಟ್ ಅಂದರೆ ನೀರು ಬೇರ್ಪಟ್ಟ ಸಂದು. ಅದೇ ಬೋರಿನಿಂದ ಮತ್ತೆ ತುಂಬಿ. ಪದರಕ್ಕಿಂತ ಮೂರು ನಾಲ್ಕು ಮೀಟರ್ ಮೇಲೆ ಇಳಿದಿದ್ದರೆ ಛಾವಣಿ ಕುಸಿದು ಪೊಳ್ಳು ಮೇಲಕ್ಕೆ ಏರಿದೆ. ಗ್ರೌಟನ್ನು ಪದರದ ಮಟ್ಟಕ್ಕೆ ನಿಲ್ಲಿಸಿದ್ದೇ ತಪ್ಪು. ಬುಡದಿಂದ ಶುರುಮಾಡಿ ಹಂತ ಹಂತವಾಗಿ ಮೇಲೆತ್ತುತ್ತಾ ಬಂಡೆಯ ನೆತ್ತಿಯ ತನಕ ಗ್ರೌಟ್ ಮಾಡಬೇಕಿತ್ತು. ಪದರದ ಪೂರ್ತಿ ದಪ್ಪಕ್ಕೆ ಇಳಿದು ಗ್ರೌಟಿನ ಸುಳಿವೇ ಇಲ್ಲದಿದ್ದರೆ ಆ ಕೋಣೆಗೆ ಒಂದು ಬೋರೂ ಬಿದ್ದಿಲ್ಲ. ಇನ್ನು ಯಾರ ನಕ್ಷೆಯಲ್ಲೂ ಇಲ್ಲದ ಆಳದಲ್ಲಿ ಇಳಿದಿದ್ದರೆ ಅಲ್ಲಿ ಇನ್ನೊಂದು ಪದರ ಇದೆ ಮತ್ತು ಅದನ್ನೂ ಯಾರೋ ಅಗೆದಿದ್ದಾರೆ. ಆಗ ತೇಪೆ ಹಾಕುವ ಮಾತಿಲ್ಲ, ಶೋಧನೆಯ ಬೋರುಗಳಿಂದಲೇ ಮತ್ತೆ ಶುರುಮಾಡಬೇಕು.

ಮೊದಲ ಮೂರು ಸಂದರ್ಭಗಳಲ್ಲಿ ಆ ಬೋರಿನ ಸುತ್ತ 1.5 ಮೀಟರ್ ಅಂತರದಲ್ಲಿ ನಾಲ್ಕು ಬೋರ್ ಹೊಡೆದು ಗ್ರೌಟ್ ಹಾಕಿ. ನಾಲ್ಕರಲ್ಲಿ ಯಾವುದಾದರೂ ಒಳ್ಳೆ ಪ್ರಮಾಣದಲ್ಲಿ ಕುಡಿದರೆ ಆ ದಿಕ್ಕಿನಲ್ಲಿ ಇನ್ನೂ ಮುಂದೆ ಹೋಗಿ, ಏನೂ ಕುಡಿಯದ ಬೋರ್ ಸಿಗುವ ತನಕ. ಆಮೇಲೆ ಹೊಸ ಜಾಗದಲ್ಲಿ ಹೊಸ ಪರೀಕ್ಷಾ ಬೋರ್ ಹೊಡೆಯಿರಿ. ಹಳೇ ಪರೀಕ್ಷಾ ಬೋರಿನಲ್ಲೇ ಮತ್ತೆ ಇಳಿದು ಗಟ್ಟಿ ಇದೆ ಅಂತ ಬರೆದರೆ, ನೀವು ಈಗಷ್ಟೇ ಸುರಿದ ಗ್ರೌಟನ್ನೇ ಪರೀಕ್ಷೆ ಮಾಡಿದಂತಾಗುತ್ತದೆ.